ಅಬ್ರಾಮನ ಅರ್ಧ ಬಾವುಟ

ನಮ್ಮ ವೆರ್ಶಾಂ ಊರಿನಲ್ಲಿ ‘ಹೌದು’ ಎನ್ನುವುದು ಸ್ವಲ್ಪ ಅಸಭ್ಯ ಮಾತು. ‘ಇಲ್ಲ’ ಎನ್ನುವುದು ಅದಕ್ಕಿಂತ ಅಸಭ್ಯ. ಮನೆಗೆ ಬಂದವರನ್ನು ‘ಒಂದು ಲೋಟ ವೈನ್ ತಗೋತೀರಾ?’ ಎಂದು ಕೇಳಿದರೆ, ಗಂಟಲು ಒಣಗಿ ಪ್ರಾಣ ಹೋಗುತ್ತಿದ್ದರೂ ಅವರು ‘ಬೇಡ ಅನ್ನೋಕಾಗಲ್ಲ’ ಎನ್ನುತ್ತಾರೆ. ಬೇಗ ತಾ, ತುಂಬಿಸಿ ತಾ ಎಂದು ಅದರ ಅರ್ಥ. ಕೆಳಗೆ ಸರೋವರದ ದಡದಲ್ಲಿರುವ ಮೋಂತ್ರೋದವರು ಇದಕ್ಕೆ ನಮ್ಮನ್ನು ನೋಡಿ ನಗುತ್ತಾರೆ. ನಗಲಿ ಬಿಡಿ. ಅವರೇನು ಭಾರಿ ನೇರ ಮಾತಿನವರೇ? ನಮ್ಮ ಅಣ್ಣತಮ್ಮಂದಿರೇ, ಬೆಟ್ಟದ ಬುಡದಲ್ಲಿ ಹುಟ್ಟಿದ್ದಾರೆ, ಅಷ್ಟೆ.

ಇಂಥ ಊರಿನಲ್ಲೂ ‘ಅವನೊಬ್ಬ ಅಡ್ಡಗೋಡೆ ಮೇಲಿನ ದೀಪ’ ಎಂದು ಹೆಸರು ಪಡೆದವನು ಬಡಗಿ ಅಬ್ರಾಮ್ ಷಾಬ್ಲೆ. ಕಳ್ಳರ ಊರಿನಲ್ಲಿ ಒಬ್ಬನನ್ನು ಎಲ್ಲರೂ ಸೇರಿ ಕಳ್ಳ ಎಂದು ಕರೆಯಬೇಕಾದರೆ ಅವನು ಎಷ್ಟು ಕದ್ದಿರಬೇಕು, ನೀವೇ ಯೋಚಿಸಿ. ಅವನು ತೀರಿಕೊಂಡು ಈ ಚಳಿಗಾಲಕ್ಕೆ ವರ್ಷವಾಯಿತು. ಸಮಾಧಿಯ ಮುಂದೆ ಪಾದ್ರಿಗಳು ಅವನ ಕೈಕೆಲಸವನ್ನು ಹೊಗಳಿದರು, ಶಾಂತ ಸ್ವಭಾವವನ್ನು ಹೊಗಳಿದರು, ಯಾರೊಡನೆಯೂ ಜಗಳವಾಡದವನು ಎಂದರು. ಅವನ ಬದುಕಿನಲ್ಲಿ ನಡೆದ ಒಂದೇ ಒಂದು ಸಂಗತಿಯನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನು ಹೇಳುತ್ತೇನೆ. ನಾನು ಊರಿನ ವೈನ್ ಅಂಗಡಿಯ ಅಡೆಲ್. ನನ್ನ ತಂಗಿ ಜೆನ್ನಿಯನ್ನು ಅವನು ಮದುವೆಯಾಗಬೇಕಿತ್ತು, ಆಗಲಿಲ್ಲ. ಆದ್ದರಿಂದ ನನ್ನ ಮಾತಿನಲ್ಲಿ ಖಾರ ಹೆಚ್ಚಾದರೆ ನೀರು ಕುಡಿದುಕೊಂಡು ಮುಂದಕ್ಕೆ ಓದಿ.

ಅಬ್ರಾಮನ ಕೈ ಬಂಗಾರ, ನಿಜ. ಅವನು ಮಾಡಿದ ಜಾರುಬಂಡಿಯಲ್ಲಿ ಕೂತರೆ ಮಂಜಿನ ಮೇಲೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತಿತ್ತು. ಬಾಯಿ ಮಾತ್ರ ದೇವರು ಕೊಡುವಾಗಲೇ ಅರ್ಧ ಮುಚ್ಚಿ ಕೊಟ್ಟದ್ದು. ಹದಿನಾರನೆಯ ವಯಸ್ಸಿನಲ್ಲಿ ಚರ್ಚಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿ, ‘ಅಬ್ರಾಮ್, ನಿನಗೆ ದೇವರಲ್ಲಿ ನಂಬಿಕೆ ಇದೆಯೇ?’ ಎಂದು ಆಗಿನ ಪಾದ್ರಿಗಳು ಕೇಳಿದರು. ಇವನು ಛಾವಣಿ ನೋಡಿದ, ನೆಲ ನೋಡಿದ, ಕೊನೆಗೆ ‘ಇಲ್ಲ ಅನ್ನೋಕಾಗಲ್ಲ, ಪಾದ್ರಿಗಳೇ’ ಎಂದ. ಪಾದ್ರಿಗಳು ನಮ್ಮ ಕಡೆಯವರೇ ಆದ್ದರಿಂದ ಬಚಾವಾದ. ‘ಇಂಥ ಗಟ್ಟಿ ನಂಬಿಕೆ ನಾನು ಕಂಡಿಲ್ಲ’ ಎಂದು ಅವರು ಆಶೀರ್ವಾದ ಮಾಡಿದರು.

ಮೇಲುಕೇರಿಗೂ ಕೆಳಕೇರಿಗೂ ಕೊಳಾಯಿ ನೀರಿನ ವಿಷಯದಲ್ಲಿ ದೊಡ್ಡ ಜಗಳವಾಯಿತಲ್ಲ, ಆಗ ಇಡೀ ಊರೇ ಎರಡು ಹೋಳಾಗಿತ್ತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಅಬ್ರಾಮ್ ಎರಡೂ ಕೇರಿಗೆ ಮರದ ತೊಟ್ಟಿ ಮಾಡಿಕೊಟ್ಟು, ಎರಡೂ ಕಡೆ ಊಟ ಮಾಡಿ ಬಂದ. ಅವನು ನಮ್ಮವನು ಎಂದು ಮೇಲಿನವರು ಹೇಳುತ್ತಿದ್ದರು. ಅವನು ನಮ್ಮವನು ಎಂದು ಕೆಳಗಿನವರೂ ಹೇಳುತ್ತಿದ್ದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಇವನ ಹೊಟ್ಟೆ ಮಾತ್ರ ತುಂಬಿತು.

ನನ್ನ ತಂಗಿ ಜೆನ್ನಿ ದೊಡ್ಡ ಹೋಟೆಲಿನಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದಳು. ಇಂಗ್ಲಿಷ್ ದೊರೆಗಳ ಕಾಲರು ನೆಟ್ಟಗೆ ನಿಲ್ಲುತ್ತಿದ್ದದ್ದು ಅವಳ ಕೈಯ ಗುಣದಿಂದ. ಇಸ್ತ್ರಿಪೆಟ್ಟಿಗೆಯ ಜೊತೆ ಇದ್ದು ಇದ್ದು ಅವಳಿಗೂ ಅದರ ಬಿಸಿ ಬಂದಿತ್ತು. ಊರಿನಲ್ಲಿ ‘ಹೌದು’ ‘ಇಲ್ಲ’ ಎಂದು ನೇರ ಹೇಳುವ ಹೆಂಗಸು ಅವಳೊಬ್ಬಳೇ. ಅದಕ್ಕೇ ಅವಳಿಗೆ ಬಾಯಿಬಡುಕಿ ಎಂದು ಹೆಸರು. ಇಂಥವಳು ಅಬ್ರಾಮನಲ್ಲಿ ಏನು ಕಂಡಳೋ ನನಗೆ ಇಂದಿಗೂ ತಿಳಿಯದು. ಪ್ರತಿ ಭಾನುವಾರ ಚರ್ಚಿನಿಂದ ನಮ್ಮ ಬಾಗಿಲವರೆಗೆ ಅವನು ಅವಳ ಜೊತೆ ನಡೆದು ಬರುತ್ತಿದ್ದ. ‘ಒಳಗೆ ಬರ್ತೀಯಾ?’ ಎಂದು ಅವಳು ಕೇಳುವಳು. ‘ಬರಬಾರದು ಅಂತೇನಿಲ್ಲ’ ಎಂದು ಅವನು ಒಳಗೆ ಬರುವನು. ಆಲೂಗಡ್ಡೆ ಈರುಳ್ಳಿಸೊಪ್ಪಿನ ಪಲ್ಯ, ಸಾಸೇಜು ತಿಂದು ಬಾಯಿ ಒರೆಸಿಕೊಂಡು ಹೋಗುವನು. ಹೀಗೆ ವರ್ಷಗಳು ಉರುಳಿದವು.

‘ಇವನು ನಿನ್ನ ತಂಗೀನ ನೋಡೋಕೆ ಬರ್ತಾನೋ ಸಾಸೇಜ್ ನೋಡೋಕೆ ಬರ್ತಾನೋ?’ ಎಂದು ನನ್ನ ಗಂಡ ಕೇಳುತ್ತಿದ್ದ.

ಒಂದು ಸಲ ಅವನು ಅವಳಿಗಾಗಿ ಮದುವೆಯ ಪೆಟ್ಟಿಗೆ ಮಾಡಲು ಶುರು ಮಾಡಿದ. ಆಕ್ರೋಟು ಮರ, ಸುತ್ತ ಹೂಬಳ್ಳಿ, ನಡುವೆ ಜೆನ್ನಿಯ ಹೆಸರಿನ ಮೊದಲ ಅಕ್ಷರ. ಅದರ ಪಕ್ಕದಲ್ಲಿ ಗಂಡಿನ ಅಕ್ಷರಕ್ಕೆ ಜಾಗ ಬಿಟ್ಟಿದ್ದ. ಜೆನ್ನಿ ನೋಡಿ ಬಂದು ಕುಣಿದಾಡಿದಳು. ಮುಂದಿನ ವರ್ಷ ಹೋಗಿ ನೋಡಿದಳು, ಆ ಜಾಗ ಖಾಲಿಯೇ ಇತ್ತು. ಅದರ ಮುಂದಿನ ವರ್ಷವೂ ಖಾಲಿ. ಹೂಬಳ್ಳಿ ಮಾತ್ರ ಬೆಳೆಯುತ್ತಲೇ ಇತ್ತು.

ಅಷ್ಟರಲ್ಲಿ ಹೋಟೆಲಿನ ಹೊಸ ಕಟ್ಟಡಕ್ಕೆ ಇಟಲಿಯಿಂದ ಗಾರೆಯವರು ಬಂದರು. ಅವರಲ್ಲಿ ಬತ್ತೀಸ್ತಾ ಎನ್ನುವವನು, ಗಟ್ಟಿಮುಟ್ಟಾದ ಆಳು, ಇಸ್ತ್ರಿಮನೆಯ ಕಿಟಕಿಯ ಹತ್ತಿರ ಗೋಡೆ ಕಟ್ಟುತ್ತಿದ್ದ. ಗೋಡೆ ಎದೆಮಟ್ಟ ಬಂದ ದಿನ ಕಿಟಕಿಯಲ್ಲಿ ತಲೆ ಹಾಕಿ, ‘ಜೆನ್ನಿ, ನನ್ನ ಮದುವೆ ಆಗು. ಹೌದಾ, ಇಲ್ವಾ? ನಾಳೆ ಈ ಕಿಟಕಿ ಮುಚ್ಚೋಗುತ್ತೆ’ ಎಂದ. ಅವನು ರೋಮಿನ ಚರ್ಚಿನವನು, ನಾವು ಪ್ರೊಟೆಸ್ಟೆಂಟರು. ನಮ್ಮ ಮನೆಯಲ್ಲಿ ಇಂಥ ಮದುವೆ ಎಂದೂ ಆಗಿರಲಿಲ್ಲ. ಅದರಿಂದ ನನಗೂ ಮೊದಲು ಮೈ ಉರಿಯಿತು. ಭಾನುವಾರ ಉತ್ತರ ಕೊಡುತ್ತೇನೆ ಎಂದು ಜೆನ್ನಿ ಅವನಿಗೆ ಹೇಳಿ ಬಂದಳು.

ಆ ಭಾನುವಾರದ ಹಿಂದಿನ ದಿನವೇ ನಮ್ಮ ಊರಿನಲ್ಲಿ ಐಸ್ ಹಾಕಿಯ ಕೊನೆಯ ಪಂದ್ಯ. ಮೊದಲ ಮಹಾಯುದ್ಧಕ್ಕೆ ನಾಲ್ಕೈದು ವರ್ಷ ಮುಂಚಿನ ಮಾತು. ಜನವರಿಯಲ್ಲಿ ಕೋಣೆಗಳು ಖಾಲಿ ಬೀಳುತ್ತವೆ ಎಂದು ಹೋಟೆಲ್ ಮಾಲೀಕ ರೋಶಾ ತನ್ನ ಟೆನಿಸ್ ಅಂಗಳಕ್ಕೆ ನೀರು ಬಿಟ್ಟು ಹೆಪ್ಪುಗಟ್ಟಿಸಿ, ನಾಲ್ಕು ದೇಶಗಳ ತಂಡಗಳನ್ನು ಕರೆಸಿದ್ದ. ಗೆದ್ದವರಿಗೆ ಯುರೋಪಿನ ಚಾಂಪಿಯನ್ ಎಂಬ ಪಟ್ಟ, ಒಂದು ಬೆಳ್ಳಿಯ ಕಪ್ಪು. ಯುರೋಪು ಅಷ್ಟು ಸುಲಭವಾಗಿ ಒಂದು ಟೆನಿಸ್ ಅಂಗಳದಲ್ಲಿ ಹಿಡಿಸುತ್ತದೆ ಎಂದು ನಮಗೆ ಗೊತ್ತಿರಲಿಲ್ಲ.

ಇಂಗ್ಲಿಷರು ಬಾಯಲ್ಲಿ ಪೈಪು ಕಚ್ಚಿಕೊಂಡು ಬಂದರು. ಜರ್ಮನರು ತಮ್ಮದೇ ಡಾಕ್ಟರನ್ನೂ ತಮ್ಮದೇ ಉಪ್ಪಿನಕಾಯನ್ನೂ ತಂದರು. ಬೆಲ್ಜಿಯಂನವರ ಮೀಸೆ ಅಂಗಳದ ಆಚೆವರೆಗೂ ಪರಿಮಳ ಬೀರುತ್ತಿತ್ತು. ಇನ್ನು ನಮ್ಮ ದೇಶದ ತಂಡ ಎಂದರೆ ಸರೋವರದ ದಡದ ದುಬಾರಿ ಶಾಲೆಗಳ ಹುಡುಗರು. ಒಬ್ಬನ ಅಪ್ಪ ಒಡೆಸ್ಸಾದಲ್ಲಿ ಗೋಧಿ ವ್ಯಾಪಾರಿ, ಇನ್ನೊಬ್ಬ ಆಡುವ ಜರ್ಮನ್ ಜ್ಯೂರಿಕ್‌ನವರಿಗೇ ಅರ್ಥವಾಗಬೇಕು. ನಮ್ಮ ಊರಿನ ಒಬ್ಬನೂ ಇರಲಿಲ್ಲ. ನಮ್ಮವರು ಮಂಜುಗಡ್ಡೆಯ ಮೇಲೆ ಬೀಳುವುದೇ ಹೊರತು ಆಡುವುದಿಲ್ಲ. ಆದರೂ ಕೆಂಪು ಅಂಗಿಯ ಮೇಲೆ ನಮ್ಮ ದೇಶದ ಬಾವುಟದ ಬಿಳಿ ಶಿಲುಬೆ ಕಂಡದ್ದೇ ತಡ, ನಮ್ಮವರಿಗೆಲ್ಲ ಎದೆ ಉಬ್ಬಿತು. ಹಾಲಿನವನು ಹಸುವಿನ ಕೊರಳಿನ ಗಂಟೆಯನ್ನೇ ಬಿಚ್ಚಿ ತಂದ.

ಆಟ ಏನು ಎಂದರೆ, ಬೆಳೆದ ಗಂಡಸರು ಕಾಲಿಗೆ ಕತ್ತಿ ಕಟ್ಟಿಕೊಂಡು, ಕೈಯಲ್ಲಿ ದೊಣ್ಣೆ ಹಿಡಿದು, ಒಂದು ರಬ್ಬರಿನ ಬಿಲ್ಲೆಯನ್ನು ಅಟ್ಟಿಸಿಕೊಂಡು ಹೋಗುವುದು. ಎರಡೂ ತುದಿಯಲ್ಲಿ ಎರಡೆರಡು ಕಂಬ. ಆಗ ಬಲೆ ಗಿಲೆ ಇರಲಿಲ್ಲ, ಕಂಬದ ಹಿಂದೆ ಮಂಜಿನ ದಿಬ್ಬ. ಬಿಲ್ಲೆ ಕಂಬಗಳ ನಡುವೆ ಹೋದರೆ ಗೋಲು. ಹೋಯಿತೋ ಇಲ್ಲವೋ ನೋಡಲು ಕಂಬದ ಹಿಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಿಲ್ಲಬೇಕು. ಹೋದರೆ ಬಾವುಟ ಎತ್ತಬೇಕು. ಒಂದು ತುದಿಗೆ ಬೆಲ್ಜಿಯಂನ ಒಬ್ಬ ಜಮೀನ್ದಾರ ಸಿಕ್ಕಿದ. ಇನ್ನೊಂದು ತುದಿಗೆ ಜರ್ಮನನನ್ನು ನಿಲ್ಲಿಸಿದರೆ ಇಂಗ್ಲಿಷರು ಒಪ್ಪರು, ಇಂಗ್ಲಿಷನನ್ನು ನಿಲ್ಲಿಸಿದರೆ ಜರ್ಮನರು ಒಪ್ಪರು.

‘ಯಾರ ಕಡೆಗೂ ಸೇರದ ಮನುಷ್ಯ ತಾನೇ ಬೇಕು?’ ಎಂದ ರೋಶಾ. ‘ನಮ್ಮ ಊರಲ್ಲಿ ಒಬ್ಬ ಇದ್ದಾನೆ. ಹುಟ್ಟಿದಾಗಿಂದ ಯಾರ ಕಡೆಗೂ ಸೇರಿಲ್ಲ. ತನ್ನ ಕಡೆಗೂ ಸೇರಿಲ್ಲ.’

ಹೀಗೆ ಅಬ್ರಾಮನ ಕೈಗೆ ಬಾವುಟ ಬಂತು. ಮೊದಲ ಪಂದ್ಯಗಳಲ್ಲಿ ಏನೂ ತೊಂದರೆಯಾಗಲಿಲ್ಲ. ಗೋಲುಗಳೆಲ್ಲ ಕುರುಡನಿಗೂ ಕಾಣುವಂಥವು. ಬಾವುಟದ ಕಡೆ ಯಾರೂ ನೋಡಲೇ ಇಲ್ಲ. ಇವನು ಮಾತ್ರ ಹೊಸ ಟೋಪಿ ಹಾಕಿಕೊಂಡು, ಅಂಗಡಿಗೆ ಬಂದರೂ ಬಾವುಟವನ್ನು ಕಂಕುಳಿಂದ ಇಳಿಸುತ್ತಿರಲಿಲ್ಲ.

ಕೊನೆಯ ಪಂದ್ಯದ ಬೆಳಿಗ್ಗೆ ಜೆನ್ನಿ ಅವನನ್ನು ನಮ್ಮ ಅಂಗಡಿಯಲ್ಲೇ ಹಿಡಿದಳು. ನಾನು ಲೋಟ ತೊಳೆಯುತ್ತಿದ್ದೆ.

‘ಅಬ್ರಾಮ್, ಬತ್ತೀಸ್ತಾ ಕೇಳಿದ್ದು ನಿನಗೆ ಗೊತ್ತಲ್ಲ?’

‘ಗೊತ್ತಿಲ್ಲ ಅನ್ನೋ ಹಾಗಿಲ್ಲ.’

‘ನಾಳೆ ಅವನಿಗೆ ಉತ್ತರ ಕೊಡ್ಬೇಕು. ಅದಕ್ಕೆ ಮೊದ್ಲು ನಿನ್ನ ಬಾಯಿಂದ ಒಂದು ಹೌದು ಕೇಳ್ಬೇಕು ನಾನು. ಒಂದೇ ಒಂದು. ನನಗೇ ಹೇಳ್ಬೇಕು ಅಂತಿಲ್ಲ. ಯಾರಿಗಾದ್ರೂ ಹೇಳು, ಯಾವುದಕ್ಕಾದ್ರೂ ಹೇಳು. ಕತ್ತೆಗೆ ಹೇಳಿದ್ರೂ ಸರಿ. ಹೇಳೋಕಾಗುತ್ತೆ ಅಂತ ಗೊತ್ತಾದ್ರೆ ಬತ್ತೀಸ್ತಾನ ವಾಪಸ್ ಕಳಿಸ್ತೀನಿ, ನಿನ್ನ ಆ ಪೆಟ್ಟಿಗೆ ಮುಗಿಯೋವರೆಗೂ ಕಾಯ್ತೀನಿ. ಆಯ್ತಾ?’

ಅಬ್ರಾಮ್ ಬಾವುಟವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ‘ಆಗಬಾರದು ಅಂತೇನಿಲ್ಲ, ಜೆನ್ನಿ.’

ಅವಳು ನನ್ನ ಕೈಲಿದ್ದ ಒದ್ದೆ ಬಟ್ಟೆಯನ್ನು ಕಿತ್ತು ಅವನ ಮುಖಕ್ಕೆ ಎಸೆದಳು. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಇಟ್ಟು ಹೋದ. ‘ಹೇಳ್ತಾನೆ ಕಣೇ, ಇವತ್ತು ಹೇಳ್ತಾನೆ’ ಎಂದೆ ನಾನು. ಏಕೆ ಹೇಳಿದೆನೋ, ಅವಳ ಮುಖ ನೋಡಲಾಗಲಿಲ್ಲ.

ಅಂದು ದಕ್ಷಿಣದ ಬಿಸಿಗಾಳಿ ಬೀಸಿ ಮಂಜುಗಡ್ಡೆಯ ಮೇಲೆಲ್ಲ ನೀರು ನಿಂತಿತ್ತು. ನಮ್ಮವರು ಬೆಲ್ಜಿಯಂನವರನ್ನು ಗೆದ್ದರೆ ಕಪ್ಪು ನಮ್ಮದು. ಸಮವಾದರೆ ಅಂಕಗಳ ಲೆಕ್ಕದಲ್ಲಿ ಇಂಗ್ಲಿಷರದು. ಆಟ ನಡೆಸುವವನೂ ಒಬ್ಬ ಇಂಗ್ಲಿಷನೇ, ಮೇಜರ್ ವಿಟ್‌ಕೋಂಬ್. ಮೋಸಗಾರನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಹಾಳಾದವನು ತುಂಬಾ ಪ್ರಾಮಾಣಿಕ.

ಆಟಗಾರರು ಎಮ್ಮೆಗಳು ಕೆರೆಗೆ ಇಳಿದ ಹಾಗೆ ನೀರು ಚಿಮ್ಮಿಸಿಕೊಂಡು ಓಡಾಡಿದರು. ಎರಡೂ ಕಡೆ ಗೋಲುಗಳು ಸಮವಾಗಿದ್ದವು. ಸೂರ್ಯ ಬೆಟ್ಟದ ಹಿಂದೆ ಸರಿದು ಆಟ ಮುಗಿಯುವ ಹೊತ್ತಿಗೆ, ಆ ಒಡೆಸ್ಸಾ ಹುಡುಗ ಬಿಲ್ಲೆಯನ್ನು ಬೀಸಿ ಹೊಡೆದ. ಬೆಲ್ಜಿಯಂನ ಗೋಲುಗಾರ ಧೊಪ್ಪೆಂದು ಬಿದ್ದ. ನೀರು ಗೋಡೆಯ ಹಾಗೆ ಎದ್ದಿತು. ನೀರು ಇಳಿದಾಗ ಬಿಲ್ಲೆ ಎಲ್ಲೂ ಇಲ್ಲ. ಅದು ಹಿಂದಿನ ಮಂಜಿನ ದಿಬ್ಬದಲ್ಲಿ ಹೂತುಹೋಗಿತ್ತು. ಕಂಬಗಳ ಒಳಗಿಂದ ಹೋಯಿತೋ, ಹೊರಗಿಂದ ಹೋಯಿತೋ? ಅದು ಕಾಣುವ ಜಾಗದಲ್ಲಿ ಇದ್ದವರು ಇಬ್ಬರೇ. ಒಬ್ಬ ಅಬ್ರಾಮ್. ಇನ್ನೊಬ್ಬಳು ಅವನ ಬೆನ್ನ ಹಿಂದೆ, ದಿಬ್ಬದ ಮೇಲೆ ಬಟ್ಟೆಯ ಬುಟ್ಟಿ ಬೋರಲು ಹಾಕಿ ಅದರ ಮೇಲೆ ನಿಂತಿದ್ದ ಜೆನ್ನಿ.

ಅಬ್ರಾಮನ ಬಾವುಟ ಮೇಲಕ್ಕೆ ಹೊರಟಿತು. ಸೊಂಟ ದಾಟಿತು, ಎದೆ ದಾಟಿತು, ಭುಜದ ಹತ್ತಿರ ಬಂದು ನಿಂತಿತು. ಅಲ್ಲೇ ನಿಂತಿತು.

ಮೇಜರ್ ಜಾರಿಕೊಂಡು ಬಂದ. ನಮ್ಮ ಊರಿನ ಮಾತು ಫ್ರೆಂಚು, ಅವನದು ಮಕ್ಕಳ ಪಾಠಪುಸ್ತಕದ ಫ್ರೆಂಚು. ‘ಗೋಲು? ಹೌದು? ಇಲ್ಲ?’ ಎಂದು ಕೇಳಿದ.

ಅಬ್ರಾಮ್ ಮೇಜರನನ್ನು ನೋಡಿದ, ಬೆಟ್ಟವನ್ನು ನೋಡಿದ, ಹಿಂದೆ ತಿರುಗಿ ಜೆನ್ನಿಯನ್ನು ನೋಡಿದ. ಅವನ ಕಿವಿ ಕೆಂಪಾಗಿತ್ತು. ತುಟಿ ಎರಡು ಸಲ ದುಂಡಗಾಗಿ ಮತ್ತೆ ಚಪ್ಪಟೆಯಾಯಿತು. ಆ ಒಂದು ಮಾತು ಅವನ ಗಂಟಲಿನವರೆಗೆ ಬಂದದ್ದು ನನಗೆ ಕಂಡಿತು, ದೇವರಾಣೆ, ಕಂಡಿತು. ಕೊನೆಗೆ ಬಾಯಿ ತೆರೆದ.

‘ಇಲ್ಲ ಅನ್ನೋಕಾಗಲ್ಲ, ಸ್ವಾಮಿ.’

ನಮ್ಮ ಊರು ಎದ್ದು ಕುಣಿಯಿತು. ಇದಕ್ಕಿಂತ ಸ್ಪಷ್ಟವಾಗಿ ನಮ್ಮಲ್ಲಿ ಯಾರೂ ಯಾವುದನ್ನೂ ಹೇಳುವುದಿಲ್ಲ. ನಮ್ಮ ಕಿವಿಗೆ ಅದು ಗೋಪುರ ಹತ್ತಿ ಕೂಗಿದ ಹಾಗೆ ಕೇಳಿತು. ಟೋಪಿಗಳು ಹಾರಿದವು, ಹಸುವಿನ ಗಂಟೆ ಮೊಳಗಿತು, ಊರಿನ ಯಜಮಾನ ಮೊತ್ಯೆ ಸಂಭ್ರಮದಲ್ಲಿ ಪಾದ್ರಿಗಳ ಹೆಂಡತಿಗೆ ಮುತ್ತು ಕೊಟ್ಟುಬಿಟ್ಟ. ಮೇಜರನ ಕಿವಿಗೆ ಬಿದ್ದದ್ದು ಎರಡೇ ಪದ. ಮೊದಲು ‘ಇಲ್ಲ’, ಕೊನೆಗೆ ‘ಆಗಲ್ಲ’. ಅವನು ತಲೆಯಾಡಿಸಿ, ಗೋಲು ಇಲ್ಲ ಎಂದು ಕೈ ಅಡ್ಡ ಬೀಸಿ, ಪಂದ್ಯ ಮುಗಿಯಿತೆಂದು ಸೀಟಿ ಊದಿದ. ಹೋಟೆಲಿನ ಜಗಲಿಯಿಂದ ಇಂಗ್ಲಿಷ್ ಅತಿಥಿಗಳು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅವರು ನಮಗೇ ತಟ್ಟುತ್ತಿದ್ದಾರೆ ಎಂದುಕೊಂಡು ನಾವೆಲ್ಲ ತಲೆಬಾಗಿ ವಂದಿಸಿದೆವು.

ನನ್ನ ಅಂಗಡಿಯಲ್ಲಿ ಒಂದು ಪೀಪಾಯಿ ವೈನ್ ಖಾಲಿಯಾಗುತ್ತಾ ಬಂದಿತ್ತು. ಆಗ ರೋಶಾ ಒಡೆದ ಹಾಲಿನಂಥ ಮುಖ ಮಾಡಿಕೊಂಡು ಬಂದು, ಕಪ್ಪು ಇಂಗ್ಲೆಂಡಿಗೆ ಹೋಯಿತು ಎಂದ. ಮೊದಲು ಯಾರೂ ನಂಬಲಿಲ್ಲ. ಆಮೇಲೆ ಎಲ್ಲರೂ ಅಬ್ರಾಮನ ಕಡೆ ತಿರುಗಿದರು.

‘ನೀನು ಗೋಲು ಅಂತ ಹೇಳ್ದೆ ತಾನೇ?’ ಎಂದ ಮೊತ್ಯೆ.

‘ಹೇಳ್ಲಿಲ್ಲ ಅನ್ನೋಕಾಗಲ್ಲ’ ಎಂದ ಅಬ್ರಾಮ್.

‘ಕೇಳಿದ್ರಲ್ಲ! ಎಷ್ಟು ಖಡಾಖಂಡಿತವಾಗಿ ಹೇಳಿದಾನೆ!’ ಎಂದು ಮೊತ್ಯೆ ಮೇಜು ಗುದ್ದಿದ. ದೂರು ಕೊಡುವುದೆಂದು ತೀರ್ಮಾನವಾಯಿತು.

ಸಂಜೆ ಹೋಟೆಲಿನ ಊಟದ ಮನೆಯಲ್ಲಿ ವಿಚಾರಣೆ. ಉದ್ದ ಮೇಜಿನ ಹಿಂದೆ ನಾಲ್ಕು ದೇಶದ ದೊಡ್ಡ ಮನುಷ್ಯರು, ಎಲ್ಲರ ಕೊರಳಲ್ಲೂ ಜೆನ್ನಿ ಇಸ್ತ್ರಿ ಮಾಡಿದ ಕಾಲರು. ಅಧ್ಯಕ್ಷ ಬೆಲ್ಜಿಯಂನವನು. ಅವನಿಗೆ ಫ್ರೆಂಚು ಚೆನ್ನಾಗಿಯೇ ಬರುತ್ತಿತ್ತು. ಆದರೆ ಅರ್ಥವಾದರೆ ತನ್ನ ತಂಡ ಸೋಲುತ್ತದಲ್ಲ, ಅದರಿಂದ ಅವನು ಅರ್ಥ ಮಾಡಿಕೊಳ್ಳುವ ಆತುರ ತೋರಿಸಲಿಲ್ಲ.

ಮೊದಲ ಸಾಕ್ಷಿ ಊರಿನ ಯಜಮಾನ. ‘ಬಿಲ್ಲೆ ಒಳಗೆ ಹೋಯಿತೇ?’

ಮೊತ್ಯೆ ಎದೆ ಸೆಟೆಸಿ ಹೇಳಿದ: ‘ಹೋಗ್ಲಿಲ್ಲ ಅಂತ ಹೇಳೋನು ನಾನಲ್ಲ, ಸ್ವಾಮಿ.’

ಎರಡನೆಯವನು ಹಾಲಿನವನು. ‘ಹೊರಗೆ ಹೋಗಿದ್ರೆ ನನಗೆ ಆಶ್ಚರ್ಯ ಆಗ್ತಿತ್ತು.’

ಮೂರನೆಯವರು ಪಾದ್ರಿಗಳು. ‘ದೇವರಿಗೆ ಕಾಣದ್ದು ಏನಿದೆ?’

ನನ್ನ ಗಂಡನ ಸರದಿ ಬಂದಾಗ ಅವನು ಬಹಳ ಯೋಚಿಸಿ, ‘ಒಂದು ಮಟ್ಟಕ್ಕೆ’ ಎಂದ. ಇವನಿಗೆ ನಾನು ಮನೆಗೆ ಹೋದ ಮೇಲೆ ಸರಿಯಾಗಿ ಮಾಡಿದೆ, ಅದು ಬೇರೆ ವಿಷಯ.

ಒಬ್ಬೊಬ್ಬನೂ ಸುತ್ತಿಗೆಯಿಂದ ಮೊಳೆ ಹೊಡೆದು ಬಂದವನ ಹಾಗೆ ಬೀಗುತ್ತಾ ಬಂದು ಕೂತ. ಮೇಜರ್ ಪಾಪ, ತಲೆ ಕೆರೆದುಕೊಂಡ. ಕೊನೆಗೆ ಅಬ್ರಾಮನನ್ನು ಕರೆದು, ‘ನೀವು ಕಂಡದ್ದನ್ನು ಒಂದೇ ಮಾತಿನಲ್ಲಿ ಹೇಳಿ. ನೀವು ಹೌದು ಅಂದರೆ ಕಪ್ಪನ್ನು ನಾನೇ ತಂದು ಈ ಮೇಜಿನ ಮೇಲೆ ಇಡುತ್ತೇನೆ’ ಎಂದ. ಇನ್ನೇನು ಬೇಕು? ಕೈಗೆ ಬಂದ ತುತ್ತು. ಬಾಯಿ ತೆರೆದರೆ ಸಾಕು.

ಅಬ್ರಾಮ್ ಟೋಪಿಯನ್ನು ಹಿಂಡಿದ. ‘ಇಲ್ಲ ಅನ್ನೋಕಾಗಲ್ಲ ಅಂತ ಆಗ್ಲೇ ಹೇಳಿದ್ನಲ್ಲ, ಸ್ವಾಮಿ.’

ಆಗ ಬಾಗಿಲ ಹತ್ತಿರದಿಂದ ಒಂದು ದನಿ ಕೇಳಿತು. ‘ಹೌದು. ಗೋಲು.’

ಜೆನ್ನಿ ಏಪ್ರನ್ನಿನಲ್ಲೇ ನಡೆದು ಬಂದು ಮೇಜಿನ ಮುಂದೆ ನಿಂತಳು. ‘ಎರಡು ಕಂಬದ ಮಧ್ಯೆ ಹೋಯ್ತು. ನಾನು ಹಿಂದೇನೇ ನಿಂತಿದ್ದೆ, ಕಣ್ಣಾರೆ ಕಂಡೆ. ಹೌದು, ಹೌದು, ಹೌದು. ಎಷ್ಟು ಸಲ ಬೇಕು ನಿಮಗೆ?’

‘ಈ ಹೆಂಗಸು ಯಾರು?’ ಎಂದ ಅಧ್ಯಕ್ಷ.

‘ನಮ್ಮ ಇಸ್ತ್ರಿಯವಳು’ ಎಂದ ರೋಶಾ.

ಹೆಂಗಸರ ಸಾಕ್ಷಿಗೆ ನಿಯಮದಲ್ಲಿ ಜಾಗವಿಲ್ಲ ಎಂದು ಅಧ್ಯಕ್ಷ ಕಾಲರು ಸರಿಮಾಡಿಕೊಂಡ. ಅವಳೇ ಇಸ್ತ್ರಿ ಮಾಡಿದ ಕಾಲರು! ಇಡೀ ಊರಿನಲ್ಲಿ ಒಂದೇ ಒಂದು ನೆಟ್ಟಗಿನ ಹೌದು ಹುಟ್ಟಿತು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ಗಂಡಸರಲ್ಲಿ ಒಬ್ಬನಾದರೂ ‘ಅವಳು ಹೇಳೋದು ನಿಜ’ ಎಂದನೇ? ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. 

ಜೆನ್ನಿ ಅಲ್ಲಿಂದ ಹೋಗಲಿಲ್ಲ. ಅಬ್ರಾಮನ ಕಡೆ ತಿರುಗಿದಳು. ಅವಳ ದನಿ ಈಗ ಮೆತ್ತಗಿತ್ತು.

‘ಗೋಲು ಹೋಗ್ಲಿ ಬಿಡು. ಕಪ್ಪು ಕಟ್ಕೊಂಡು ನನಗೇನು ಆಗ್ಬೇಕು. ಅಬ್ರಾಮ್, ನನ್ನ ಮದುವೆ ಆಗ್ತೀಯಾ? ಹೌದಾ, ಇಲ್ವಾ?’

ನಾಲ್ಕು ದೇಶಗಳು ಉಸಿರು ಬಿಗಿಹಿಡಿದು ಕೂತವು. ಅಬ್ರಾಮನ ಹಣೆಯಿಂದ ಬೆವರು ಇಳಿಯಿತು. ಅವನು ಅವಳನ್ನು ಪ್ರೀತಿಸುತ್ತಿದ್ದ, ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ತನ್ನ ಜೀವಮಾನದ ಅತಿ ದೊಡ್ಡ ಧೈರ್ಯ ಮಾಡಿ ಹೇಳಿದ:

‘ಇಲ್ಲ ಅನ್ನೋಕಾಗಲ್ಲ, ಜೆನ್ನಿ.’

ನಮ್ಮವರೆಲ್ಲ ಅಬ್ಬಾ ಎಂದು ಉಸಿರು ಬಿಟ್ಟರು. ನನ್ನ ಗಂಡ ಚಪ್ಪಾಳೆ ಹೊಡೆಯಲು ಕೈ ಎತ್ತಿದ. ಪಾದ್ರಿಗಳು ಕನ್ನಡಕ ಒರೆಸಿಕೊಂಡರು. ನಮ್ಮ ಊರಿನ ಲೆಕ್ಕದಲ್ಲಿ ನಿಶ್ಚಿತಾರ್ಥ ಆಗಿಹೋಗಿತ್ತು. ನಾನೂ ಶಾಲಿನ ತುದಿಯಲ್ಲಿ ಕಣ್ಣು ಒರೆಸಿಕೊಂಡೆ.

ಜೆನ್ನಿ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಮೇಜರನ ಕಡೆ ತಿರುಗಿ, ‘ಸಾಹೇಬ್ರೇ, ಇವರು ಹೇಳಿದ್ದು ನೀವೂ ಕೇಳಿಸ್ಕೊಂಡ್ರಲ್ಲ? ಏನಂದ್ರು?’ ಎಂದಳು.

ಮೇಜರನ ಮುಖ ಕೆಂಪಾಯಿತು. ಹೇಳಿದೆನಲ್ಲ, ಪ್ರಾಮಾಣಿಕ. ‘ಇಲ್ಲ… ಆಗಲ್ಲ… ಹಾಗಂದರು ಅಂತ ಕಾಣುತ್ತೆ. ಕ್ಷಮಿಸಬೇಕು, ಅಮ್ಮಾ.’

‘ಹಾಗೇ ಬರ್ಕೊಳ್ಳಿ’ ಎಂದಳು ಜೆನ್ನಿ. ‘ಇದೂ ಗೋಲಲ್ಲ.’

ಏಪ್ರನ್ ಬಿಚ್ಚಿ ರೋಶಾನ ಮುಂದೆ ಇಟ್ಟು ಹೊರಟುಹೋದಳು. ಮಾರನೆಯ ದಿನ ಬತ್ತೀಸ್ತಾನಿಗೆ ಉತ್ತರ ಕೊಟ್ಟಳು. ಅವನು ಸಂತೋಷಕ್ಕೆ ‘ಹೌದು! ಹೌದು!’ ಎಂದು ತನ್ನ ಭಾಷೆಯಲ್ಲಿ ಕೂಗಿದ್ದು ಕೆಳಕೇರಿಗೂ ಕೇಳಿಸಿತು. ಊರಿನವರು ಎಷ್ಟು ನಾಚಿಕೆಗೆಟ್ಟವನು ಎಂದರು.

ಮದುವೆಗೆ ಅಬ್ರಾಮ್ ಬರಲಿಲ್ಲ. ಆ ಪೆಟ್ಟಿಗೆಯನ್ನು ನನ್ನ ಕೈಯಲ್ಲಿ ಕಳಿಸಿದ. ಹೂಬಳ್ಳಿ ನೋಡಿದರೆ ಕಣ್ಣು ತಂಪಾಗುವಂತಿತ್ತು. ಖಾಲಿ ಜಾಗದಲ್ಲಿ ಬತ್ತೀಸ್ತಾ ಕಲ್ಲುಳಿಯಿಂದ ತನ್ನ ಹೆಸರಿನ ಅಕ್ಷರವನ್ನು ತಾನೇ ಕೆತ್ತಿದ. ಕುರೂಪವಾಗಿ, ಸೊಟ್ಟಗೆ, ಬಾಗಿಲಿಂದಲೇ ಕಾಣುವಷ್ಟು ದೊಡ್ಡದಾಗಿ. ಅವರು ಕೆಳಗೆ ಎಗ್ಲ್ ಪಟ್ಟಣದಲ್ಲಿ ಮನೆ ಮಾಡಿದರು. ಮಕ್ಕಳಾದವು. ಗಂಡ ಹೆಂಡಿರು ದಿನಕ್ಕೆ ಹತ್ತು ಸಲ ಜಗಳವಾಡುತ್ತಾರೆ, ಪ್ರತಿ ಸಲವೂ ಯಾರು ಏನು ಹೇಳಿದರು ಎಂದು ಇಬ್ಬರಿಗೂ ಗೊತ್ತಿರುತ್ತದೆ.

ನಮ್ಮ ಊರಿಗೆ ಕಪ್ಪು ಬರಲಿಲ್ಲವಾದರೂ ನನ್ನ ಗಂಡ ಅಂಗಡಿಯ ಮೇಲೆ ಒಂದು ಹಲಗೆ ಹಾಕಿಸಿದ: ‘ವೆರ್ಶಾಂ: ಯುರೋಪಿನ ಚಾಂಪಿಯನ್ ಅಲ್ಲ ಅನ್ನೋಕಾಗದ ಊರು.’ ಅಕ್ಷರ ಬರೆದವನು ಅಬ್ರಾಮನೇ. ಪ್ರವಾಸಿಗಳು ಅದನ್ನು ನೋಡಿ ನಗುತ್ತಾರೆ, ನಾವು ಅವರಿಗೆ ವೈನ್ ಮಾರುತ್ತೇವೆ.

ಅಬ್ರಾಮ್ ಮದುವೆಯಾಗಲಿಲ್ಲ. ಭಾನುವಾರ ಚರ್ಚಿನಿಂದ ಒಬ್ಬನೇ ನಡೆದು ಬಂದು ನಮ್ಮಲ್ಲಿ ಊಟ ಮಾಡುತ್ತಿದ್ದ. ನಾನು ಬೈದುಕೊಂಡೇ ಬಡಿಸುತ್ತಿದ್ದೆ. ಯಾರಾದರೂ ಹಳೆಯ ಮಾತು ಎತ್ತಿದರೆ ಅವನ ಹತ್ತಿರ ಒಂದೇ ಸಮಾಧಾನ ಇತ್ತು: ‘ಜೆನ್ನಿ ಹೋಟೆಲಲ್ಲಿ ಇಂಗ್ಲಿಷರ ಮಧ್ಯೆ ಇದ್ದು ಇದ್ದು ನಮ್ಮ ಮಾತು ಮರ್ತಿದ್ಳು. ತಪ್ಪು ತಿಳ್ಕೊಂಡ್ಳು, ಪಾಪ.’ ಮೂವತ್ತು ಚಳಿಗಾಲ ಈ ಮಾತನ್ನೇ ಒಲೆಯ ಹಾಗೆ ಕಾಯಿಸಿಕೊಂಡು ಕೂತ. ಊರಿನವರೂ ಹೌದಪ್ಪ, ಪಾಪ ಎಂದು ತಲೆಯಾಡಿಸುತ್ತಿದ್ದರು.

ಹೋದ ವರ್ಷ ಅವನಿಗೆ ಎದೆಯಲ್ಲಿ ಕಫ ಕಟ್ಟಿಕೊಂಡಿತ್ತು. ಇನ್ನು ಹೆಚ್ಚು ದಿನ ಇಲ್ಲ ಎಂದು ಅವನಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಊಟದ ನಂತರ ಅದೇ ರಾಗ ಶುರು ಮಾಡಿದ. ಅಂದು ನನಗೆ ತಡೆಯಲಾಗಲಿಲ್ಲ.

‘ಅಬ್ರಾಮ್, ಅವಳು ಈ ಊರಲ್ಲೇ ಹುಟ್ಟಿದೋಳು ಕಣೋ. ನೀನು ಹೇಳಿದ್ದು ಅವಳಿಗೆ ಅಕ್ಷರ ಅಕ್ಷರ ಅರ್ಥ ಆಗಿತ್ತು. ಅರ್ಥ ಆಗಿದ್ದಕ್ಕೇ ಎದ್ದು ಹೋದ್ಳು. ತಪ್ಪು ತಿಳ್ಕೊಂಡ್ಳು ಅಂತ ನಿಜವಾಗ್ಲೂ ನಂಬಿದ್ದೀಯೇನೋ ನೀನು?’

ಅವನು ಲೋಟವನ್ನು ಮೇಜಿನ ಮೇಲೆ ಬಹಳ ಹೊತ್ತು ತಿರುಗಿಸಿದ.

‘ಇಲ್ಲ’ ಎಂದ.

ಉಳಿದ ಮಾತು ಬರಲಿ ಎಂದು ನಾನು ಕಾದೆ. ಈ ಊರಿನಲ್ಲಿ ಆ ಪದದ ಹಿಂದೆ ಯಾವಾಗಲೂ ಇನ್ನೊಂದು ಬರುತ್ತದೆ. ಬರಲಿಲ್ಲ. ಅವನು ಟೋಪಿ ಹಾಕಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಮನೆಗೆ ಹೋದ.